ಮಿಷಿಗನ್ ಚಳಿಗಾಲದಲ್ಲಿ ಪಿಕಪ್ ಟ್ರಕ್ಕನ್ನು ಯಾವಾಗ, ಎಲ್ಲಿ ತೊಳೆಯಬೇಕು?

ಟೆಕ್ಸಾಸ್‌ನಲ್ಲಿದ್ದಾಗ ಕೊಂಡ ಪಿಕಪ್ ಟ್ರಕ್ಕನ್ನು ಮಿಷಿಗನ್‌ಗೆ ತಂದಿದ್ದೀರಿ. ಇದೇ ಮೊದಲ ಚಳಿಗಾಲ. ರಸ್ತೆಗೆ ಸುರಿಯುವ ಉಪ್ಪು ಗಾಡಿಯನ್ನು ತಿಂದುಹಾಕುತ್ತದೆ ಅಂತ ಆಫೀಸಿನವರೆಲ್ಲ ಹೆದರಿಸಿದ್ದಾರೆ. ವಾರಕ್ಕೆ ಎಷ್ಟು ಸಲ ತೊಳೆಯಬೇಕು, ಮೈನಸ್‌ ಚಳಿಯಲ್ಲಿ ನೀರು ಹಾಕಿದರೆ ಇನ್ನೂ ತೊಂದರೆಯಲ್ವಾ, ರಾತ್ರಿ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಸಾಕಾ ಅಂತ ಕೇಳಿದ್ದೀರಿ.

ನಾನು ಡೆಟ್ರಾಯಿಟ್ ಹತ್ತಿರ ಬಹಳ ವರ್ಷಗಳಿಂದ ಇದ್ದೇನೆ, ಓಡಿಸುವುದೂ ಪಿಕಪ್ಪೇ. ಆಫೀಸಿನವರು ಸುಮ್ನೆ ಹೆದರಿಸಿಲ್ಲ. ಆದರೆ ವಾರಕ್ಕೆ ಎಷ್ಟು ಸಲ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ, ಹವಾಮಾನ ನೋಡಿ ತೊಳೆಯಿರಿ. ತೊಳೆಯುವಾಗ ಬಣ್ಣಕ್ಕಿಂತ ಹೆಚ್ಚು ಗಮನ ಗಾಡಿಯ ಅಡಿಗೆ ಕೊಡಿ. ಕಾರಣ ಗೊತ್ತಾದರೆ ಉಳಿದದ್ದನ್ನು ನೀವೇ ತೀರ್ಮಾನ ಮಾಡಬಹುದು, ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಇಲ್ಲಿ ರಸ್ತೆಗೆ ಬೀಳುವುದು ಹೆಚ್ಚಾಗಿ ಕಲ್ಲುಪ್ಪು. ಡೆಟ್ರಾಯಿಟ್ ನಗರದ ಕೆಳಗೇ, ಸಾವಿರ ಅಡಿಗೂ ಜಾಸ್ತಿ ಆಳದಲ್ಲಿ, ಅದರ ದೊಡ್ಡ ಗಣಿ ಇದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲ. ಶೇಕಡಾ 23ರಷ್ಟು ಉಪ್ಪಿದ್ದರೆ ಮೈನಸ್ 21 ಡಿಗ್ರಿ ಸೆಲ್ಸಿಯಸ್ ಹತ್ತಿರದವರೆಗೂ ನೀರಾಗಿಯೇ ಇರುತ್ತದೆ. ಹಿಮ ಬೀಳುವ ಹಿಂದಿನ ದಿನ ಒಣ ರಸ್ತೆಯ ಮೇಲೆ ಬಿಳಿ ಗೆರೆಗಳು ಎಳೆದಂತೆ ಕಾಣುತ್ತವಲ್ಲ, ಅದು ಇದೇ ಉಪ್ಪುನೀರು, ಮುಂಚೆಯೇ ಚಿಮುಕಿಸಿ ಹೋಗಿರುತ್ತಾರೆ. ಆದರೆ ಮೈನಸ್ 9ಕ್ಕಿಂತ ಕೆಳಗೆ ಸಾದಾ ಉಪ್ಪು ಹಿಮ ಕರಗಿಸುವುದು ತುಂಬಾ ನಿಧಾನ. ಅದಕ್ಕೇ ಕಡು ಚಳಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡನ್ನೋ ಮೆಗ್ನೀಸಿಯಂ ಕ್ಲೋರೈಡನ್ನೋ ಸೇರಿಸುತ್ತಾರೆ.

ಗಾಡಿಗೆ ಹೆಚ್ಚು ಕಾಟ ಕೊಡುವುದು ಇವೇ. ನಮ್ಮೂರಲ್ಲಿ ಮಳೆಗಾಲ ಬಂದರೆ ಭರಣಿಯಲ್ಲಿಟ್ಟ ಉಪ್ಪು ನೀರು ಬಿಡುತ್ತದಲ್ಲ, ಹಾಗೆ. ಅಡುಗೆ ಉಪ್ಪು ಹಾಗಾಗಬೇಕಾದರೆ ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಬೇಕು. ಈ ಎರಡು ಲವಣಗಳು ಅದರ ಅರ್ಧದಷ್ಟು ತೇವಾಂಶದಲ್ಲೂ ಗಾಳಿಯಿಂದ ನೀರು ಎಳೆದುಕೊಂಡು ಒದ್ದೆಯಾಗಿಯೇ ಇರುತ್ತವೆ. ಅಂದರೆ ರಸ್ತೆ ಒಣಗಿದೆ, ಬಿಸಿಲು ಬಂದಿದೆ ಅಂತ ನಿಮಗೆ ಅನಿಸುತ್ತಿರುವಾಗಲೂ ಟ್ರಕ್ಕಿನ ಅಡಿಯಲ್ಲಿ ತೆಳುವಾದ ಉಪ್ಪುನೀರಿನ ಪದರ ಕೂತಿರುತ್ತದೆ. ತುಕ್ಕು ಹಿಡಿಯಲು ಕಬ್ಬಿಣ, ಗಾಳಿ, ನೀರು ಮೂರೂ ಬೇಕು. ಉಪ್ಪು ಸೇರಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಹಾಗಾಗಿ ತುಕ್ಕು ಬೇಗ ಹರಡುತ್ತದೆ. ಇನ್ನೊಂದು ಮುಖ್ಯ ವಿಷಯ: ಬಿಸಿ ಹೆಚ್ಚಾದಷ್ಟೂ ಇದರ ವೇಗ ಹೆಚ್ಚು.

ಈ ಕೊನೆಯ ಮಾತಿನಲ್ಲೇ ನಿಮ್ಮ ಎರಡು ಪ್ರಶ್ನೆಗೆ ಉತ್ತರ ಇದೆ. ಜನವರಿಯಲ್ಲಿ ವಾರಗಟ್ಟಲೆ ಮೈನಸ್ 12, ಮೈನಸ್ 15 ಅಂತ ಇದ್ದರೆ, ಟ್ರಕ್ಕು ಉಪ್ಪಿನಿಂದ ಬೆಳ್ಳಗಾಗಿ ನಿಂತಿದ್ದರೂ ಗಾಬರಿ ಬೇಡ. ಆ ಚಳಿಯಲ್ಲಿ ತುಕ್ಕು ಬಹಳ ನಿಧಾನ. ಆಗ ತೊಳೆಯಲು ಹೋದರೆ ಬಾಗಿಲಿನ ರಬ್ಬರಿಗೆ, ಬೀಗಕ್ಕೆ, ಬ್ರೇಕಿಗೆ ನೀರು ನುಗ್ಗಿ ಹೆಪ್ಪುಗಟ್ಟುತ್ತದೆ. 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 7ಕ್ಕಿಂತ ಕೆಳಗಿದ್ದರೆ ನಾನು ನೀರು ಮುಟ್ಟಿಸುವುದಿಲ್ಲ. ಕಾಯುತ್ತೇನೆ. ಚಳಿ ಮುರಿದು ಮಧ್ಯಾಹ್ನದ ಹೊತ್ತಿಗೆ 40 ಫ್ಯಾರನ್‌ಹೀಟ್, ಅಂದರೆ 4 ಸೆಲ್ಸಿಯಸ್ ತಲುಪುವ ದಿನ ಬರುತ್ತದೆ. ಅವತ್ತೇ ತೊಳೆಯಿರಿ. ಅಷ್ಟು ದಿನ ತಣ್ಣಗೆ ಕೂತಿದ್ದ ಉಪ್ಪು ಅವತ್ತಿನಿಂದಲೇ ಕೆಲಸ ಶುರು ಮಾಡುವುದು. ಕಾರ್ ವಾಶ್ ಮುಂದೆ ಅವತ್ತು ಉದ್ದ ಸಾಲು ಇರುತ್ತದೆ, ಇದ್ದರೂ ನಿಲ್ಲಿ. ಆದಷ್ಟು ಮಧ್ಯಾಹ್ನದೊಳಗೆ ಮುಗಿಸಿದರೆ ಕತ್ತಲಾಗುವ ಮುಂಚೆ ಗಾಡಿ ಒಣಗುತ್ತದೆ. ಬೆಚ್ಚಗಿನ ದಿನ ಬರುವ ಸೂಚನೆಯೇ ಇಲ್ಲ, ಉಪ್ಪು ಬಿದ್ದು ಎರಡು ವಾರ ಆಗುತ್ತಾ ಬಂತು ಅಂದರೆ, ಸೊನ್ನೆಯ ಆಸುಪಾಸಿನ ಒಂದು ದಿನ ನೋಡಿ ಡ್ರೈಯರ್ ಇರುವ ಆಟೊಮ್ಯಾಟಿಕ್ ಕಾರ್ ವಾಶ್‌ಗೆ ಹೋಗಿ ಬನ್ನಿ. ನಾಳೆ ಮತ್ತೆ ಹಿಮ ಬೀಳುತ್ತದೆ, ಇವತ್ತು ಯಾಕೆ ಅಂತ ಹಲವರು ಕೇಳುತ್ತಾರೆ. ಇವತ್ತು ಚಳಿಯಿದ್ದರೆ ಆ ಮಾತು ಸರಿ. ಇವತ್ತು ಬೆಚ್ಚಗಿದ್ದರೆ ಸರಿಯಲ್ಲ, ತೊಳೆದುಬಿಡಿ.

ಇನ್ನು ಗ್ಯಾರೇಜು. ಉಪ್ಪು ಮೆತ್ತಿದ ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸುವುದು ನಿಜಕ್ಕೂ ಕೆಟ್ಟದ್ದು. ಚಕ್ರದ ಒಳಗೆ ಅಂಟಿದ ಹಿಮ ರಾತ್ರಿಯೆಲ್ಲ ಕರಗಿ ತೊಟ್ಟಿಕ್ಕುತ್ತದೆ, ಉಪ್ಪುನೀರು ಸಂದಿಗೊಂದಿಗೆ ಇಳಿಯುತ್ತದೆ, ಬೆಚ್ಚಗಿರುವುದರಿಂದ ತುಕ್ಕು ಹಗಲಿಗಿಂತ ಜೋರಾಗಿ ನಡೆಯುತ್ತದೆ. ತೊಳೆದ ಮೇಲೆ ಅದೇ ಗ್ಯಾರೇಜು ಒಳ್ಳೆಯದು, ಗಾಡಿ ಚೆನ್ನಾಗಿ ಒಣಗುತ್ತದೆ. ಹಾಗಾಗಿ ತೊಳೆಯಲು ಆಗದ ಕಡು ಚಳಿಯ ದಿನಗಳಲ್ಲಿ ಟ್ರಕ್ಕು ಹೊರಗೇ ಇರಲಿ. ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆಯುವ ಕೆಲಸ ಜಾಸ್ತಿಯಾಗುತ್ತದೆ, ನಿಜ. ಬೇಗ ಕರಗಲಿ ಅಂತ ಬಿಸಿನೀರು ಮಾತ್ರ ಸುರಿಯಬೇಡಿ, ಗಾಜು ಸೀಳಬಹುದು.

ಎಲ್ಲಿ ತೊಳೆಯಬೇಕು ಅನ್ನುವುದಕ್ಕೆ ಬರುತ್ತೇನೆ. ಹೆಚ್ಚಿನ ಕಾರುಗಳಲ್ಲಿ ಬಾಡಿ, ಚೌಕಟ್ಟು ಎಲ್ಲ ಒಂದೇ. ಹೆಚ್ಚಿನ ಪಿಕಪ್‌ಗಳಲ್ಲಿ ಹಾಗಲ್ಲ, ಕೆಳಗೆ ಉಕ್ಕಿನ ಫ್ರೇಮ್ ಬೇರೆಯೇ ಇರುತ್ತದೆ, ಇಡೀ ಭಾರ ಹೊರುವುದು ಅದೇ. 2015ರಿಂದ ಫೋರ್ಡ್ ಎಫ್-150ಗೆ ಅಲ್ಯೂಮಿನಿಯಂ ಬಾಡಿ ಬಂತು. ಅದಕ್ಕೆ ತುಕ್ಕೇ ಹಿಡಿಯಲ್ಲ ಅಂತ ನಂಬಿದವರಿದ್ದಾರೆ. ಬಾಡಿಯ ಮಟ್ಟಿಗೆ ಸರಿ, ಆದರೆ ಅದರ ಫ್ರೇಮ್ ಈಗಲೂ ಉಕ್ಕಿನದ್ದೇ. ಫ್ರೇಮ್ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಟಕೋಮಾ, ಟಂಡ್ರಾ, ಸೆಕೋಯಾ ಗಾಡಿಗಳ ಫ್ರೇಮ್ ತುಕ್ಕು ಹಿಡಿಯುತ್ತಿದೆ ಅಂತ ಮಾಲೀಕರು ಹೂಡಿದ್ದ ಮೊಕದ್ದಮೆಯನ್ನು ಇತ್ಯರ್ಥ ಮಾಡಿಕೊಳ್ಳಲು 2016ರಲ್ಲಿ ಟೊಯೋಟಾ 340 ಕೋಟಿ ಡಾಲರ್ ತನಕ ಖರ್ಚು ಮಾಡಲು ಒಪ್ಪಿತು.

ಹೆಚ್ಚಿನ ಫ್ರೇಮ್‌ಗಳು ಪೂರ್ತಿಯಾಗಿಯೋ ಅಲ್ಲಲ್ಲಿಯೋ ಪೆಟ್ಟಿಗೆಯ ಆಕಾರದಲ್ಲಿರುತ್ತವೆ, ಒಳಗೆ ಟೊಳ್ಳು. ಅಲ್ಲಲ್ಲಿ ತೂತುಗಳಿರುತ್ತವೆ. ಆ ತೂತಿನಿಂದ ಉಪ್ಪು ಬೆರೆತ ಕೆಸರು ಒಳಗೆ ಹೋಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗಿನಿಂದ ತುಕ್ಕು ತಿನ್ನುತ್ತಾ ಬರುತ್ತದೆ. ಆದ್ದರಿಂದ ನೀರು ಆ ತೂತುಗಳ ಒಳಗೂ ಹೋಗಬೇಕು, ಇನ್ನೊಂದು ತೂತಿನಿಂದ ಬರುವ ನೀರು ತಿಳಿಯಾಗುವವರೆಗೂ ಬಿಡಬೇಕು. ಚಕ್ರದ ಮೇಲಿನ ಕಮಾನಿನ ಒಳಅಂಚು ಇನ್ನೊಂದು ಜಾಗ. ಕೈ ಹಾಕಿ ನೋಡಿ, ಬೆರಳಿಗೆ ಹಸಿ ಮಣ್ಣು ಸಿಗುತ್ತದೆ. ಅದು ಉಪ್ಪುನೀರನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಳೆಯ ಟ್ರಕ್ಕುಗಳಲ್ಲಿ ಹಿಂದಿನ ಚಕ್ರದ ಮೇಲೆಯೇ ಮೊದಲು ತೂತು ಬೀಳುವುದು ಇದಕ್ಕೆ. ಹಿಂದಿನ ಕಮಾನು ಪಟ್ಟಿಗಳ (ಲೀಫ್ ಸ್ಪ್ರಿಂಗ್) ನಡುವೆ, ಕೆಳಗೆ ನೇತುಹಾಕಿದ ಸ್ಟೆಪ್ನಿಯ ಮೇಲೆ, ಟೈಲ್‌ಗೇಟಿನ ಅಡಿಯ ಮಡಿಕೆಯಲ್ಲಿ ಕೂಡ ನೀರು ಹಾಯಿಸಿ. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಬಸಿಯಲು ಸಣ್ಣ ತೂತುಗಳಿವೆ, ಅವು ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ.

ಎಲ್ಲಕ್ಕಿಂತ ನನಗೆ ಮುಖ್ಯ ಅನಿಸುವುದು ಬ್ರೇಕ್ ಪೈಪುಗಳು. ಬ್ರೇಕಿನ ಎಣ್ಣೆಯನ್ನು ಚಕ್ರಗಳಿಗೆ ಒಯ್ಯುವ, ಫ್ರೇಮಿನ ಉದ್ದಕ್ಕೂ ಸಾಗುವ ತೆಳ್ಳಗಿನ ಪೈಪುಗಳವು. ಪರಿಚಯದವರೊಬ್ಬರ ಹಳೆಯ ಟ್ರಕ್ಕಿನಲ್ಲಿ ಸಿಗ್ನಲ್ ಹತ್ತಿರ ಪೈಪು ಒಡೆದು, ಪೆಡಲ್ ನೆಲಕ್ಕೆ ಇಳಿದುಹೋಯಿತು. ಮುಂದೆ ಯಾರೂ ಇರಲಿಲ್ಲ, ಹಾಗಾಗಿ ಬಚಾವ್. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಹಳೆಯ ಪಿಕಪ್ ಮತ್ತು ಎಸ್‌ಯುವಿಗಳ ಬ್ರೇಕ್ ಪೈಪ್ ತುಕ್ಕಿನ ಬಗ್ಗೆ ವರ್ಷಗಟ್ಟಲೆ ತನಿಖೆ ಮಾಡಿ, 2015ರಲ್ಲಿ ಅದನ್ನು ಮುಗಿಸುವಾಗ ಜನರಿಗೆ ಹೇಳಿದ್ದೂ ಇದನ್ನೇ: ಚಳಿಗಾಲದುದ್ದಕ್ಕೂ ಗಾಡಿಯ ಅಡಿಭಾಗ ತೊಳೆಯುತ್ತಿರಿ, ವಸಂತ ಬಂದಾಗ ಇನ್ನೊಮ್ಮೆ ಚೆನ್ನಾಗಿ ತೊಳೆದು ಪೈಪುಗಳನ್ನು ಪರೀಕ್ಷೆ ಮಾಡಿಸಿ. ಬಣ್ಣ ಹೋದರೆ ಹಣ ಹೋಗುತ್ತದೆ ಅಷ್ಟೇ. ಬ್ರೇಕ್ ಹಾಗಲ್ಲ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ತೊಳೆಯಲು ನಿಮಗೆ ಎರಡು ದಾರಿ. ಒಂದು, ಬ್ರಷ್ ಇಲ್ಲದ ಟಚ್‌ಲೆಸ್ ಕಾರ್ ವಾಶ್, ಅಡಿಯಿಂದ ನೀರು ಚಿಮ್ಮುವ ಅಂಡರ್‌ಬಾಡಿ ವಾಶ್ ಸೇರಿದ್ದು. ಬ್ರಷ್ ಇರುವಲ್ಲಿ ಹಿಂದಿನ ಗಾಡಿಯ ಮರಳು, ಉಪ್ಪಿನ ಹರಳು ನಿಮ್ಮ ಬಣ್ಣವನ್ನು ಉಜ್ಜುತ್ತದೆ. ತಿಂಗಳ ಸದಸ್ಯತ್ವ ಸಿಗುತ್ತದೆ, ಡಿಸೆಂಬರಿನಿಂದ ಮಾರ್ಚ್ ತನಕ ಮಾತ್ರ ತೆಗೆದುಕೊಂಡರೂ ನನ್ನ ಪ್ರಕಾರ ಲಾಭವೇ. ಅಡಿಯ ನೀರು ಚಿಮ್ಮುವ ಜಾಗದ ಮೇಲೆ ಆದಷ್ಟು ನಿಧಾನ ಹೋಗಿ. ಕೆಲವು ಕಡೆ ಬಳಸಿದ ನೀರನ್ನೇ ಶೋಧಿಸಿ ಮತ್ತೆ ಅಡಿಗೆ ಬಿಡುತ್ತಾರೆ, ಶೋಧಿಸಿದರೂ ಕರಗಿದ ಉಪ್ಪು ಅದರಲ್ಲಿ ಉಳಿದಿರುತ್ತದೆ. ಅಡಿಭಾಗಕ್ಕೆ ಹೊಸ ನೀರು ಬರುತ್ತಾ ಅಂತ ಅಲ್ಲಿ ಕೇಳಿ, ಹೇಳುತ್ತಾರೆ. ಎರಡನೆಯದು, ಹಣ ಹಾಕಿ ನೀವೇ ಪೈಪು ಹಿಡಿದು ತೊಳೆಯುವ ಸೆಲ್ಫ್ ಸರ್ವಿಸ್. ನನಗೆ ಇದೇ ಇಷ್ಟ. ಬೇಕಾದ ಮೂಲೆಗೆ ಬೇಕಾದಷ್ಟು ಹೊತ್ತು ನೀರು ಬಿಡಬಹುದು. ಸೋಪು, ವ್ಯಾಕ್ಸ್ ಅಂತ ದುಡ್ಡು ಕಳೆಯದೆ ಬರೀ ನೀರಿನಲ್ಲೇ ಹೆಚ್ಚು ಹೊತ್ತು ಕೆಳಗೆ ತೊಳೆಯಿರಿ. ವೈರ್ ಕನೆಕ್ಟರ್, ರೇಡಿಯೇಟರ್ ಮೇಲೆ ಮಾತ್ರ ಹತ್ತಿರದಿಂದ ಜೋರಾಗಿ ಹೊಡೆಯಬೇಡಿ.

ತೊಳೆದಾದ ಮೇಲೆ ಬಾಗಿಲು, ಟೈಲ್‌ಗೇಟ್ ಎಲ್ಲ ತೆಗೆದು ರಬ್ಬರನ್ನು ಬಟ್ಟೆಯಿಂದ ಒರೆಸಿ. ಚಳಿ ಶುರುವಾಗುವ ಮುಂಚೆಯೇ ಆ ರಬ್ಬರಿಗೆ ಸಿಲಿಕೋನ್ ಗ್ರೀಸ್ ಸವರಿಟ್ಟರೆ ಬಾಗಿಲು ಅಂಟಿಕೊಳ್ಳುವುದಿಲ್ಲ. ಮನೆಗೆ ಬರುವಾಗ ಆಗಾಗ ಬ್ರೇಕ್ ಒತ್ತುತ್ತಾ ಬನ್ನಿ, ಆ ಬಿಸಿಗೆ ಡಿಸ್ಕ್ ಒಣಗುತ್ತದೆ. ಅವತ್ತು ರಾತ್ರಿ ಹ್ಯಾಂಡ್ ಬ್ರೇಕ್ ಹಾಕಬೇಡಿ, ಸಮತಟ್ಟು ಜಾಗದಲ್ಲಿ ಪಾರ್ಕ್ ಗೇರಿನಲ್ಲಿ ಬಿಡಿ. ಒದ್ದೆ ಬ್ರೇಕು ಹೆಪ್ಪುಗಟ್ಟಿ ಹಿಡಿದುಕೊಂಡರೆ ಬೆಳಿಗ್ಗೆ ಗಾಡಿ ಅಲುಗುವುದಿಲ್ಲ.

ಟೆಕ್ಸಾಸ್‌ನ ಗಾಡಿ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ಅಡಿ ಇನ್ನೂ ಸ್ವಚ್ಛವಾಗಿದೆ, ಇಲ್ಲಿನ ಹಳೆಯ ಟ್ರಕ್ಕುಗಳಿಗೆ ಆ ಭಾಗ್ಯ ಇಲ್ಲ. ಮೊದಲ ಉಪ್ಪು ಬೀಳುವ ಮುಂಚೆ, ಒಣಗಿರುವಾಗಲೇ, ಅಡಿಗೆಲ್ಲ ಲ್ಯಾನೋಲಿನ್ ಎಣ್ಣೆ ಹೊಡೆಸಿ. ಕುರಿಯ ಉಣ್ಣೆಯಿಂದ ತೆಗೆಯುವ ಜಿಡ್ಡು ಅದು, ನೀರನ್ನು ಹತ್ತಿರ ಸೇರಿಸುವುದಿಲ್ಲ, ಸಂದಿಗೊಂದಿಗೆ ಹರಿದುಹೋಗುತ್ತದೆ. ಫ್ರೇಮಿನ ಒಳಗೂ ಹೊಡೆಯಲು ಹೇಳಿ, ಹೊರಗೆ ಮಾತ್ರ ಹೊಡೆದು ಕಳಿಸಿದರೆ ಅರ್ಧ ಕೆಲಸ. ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ರಬ್ಬರಿನಂಥ ಗಟ್ಟಿ ಕಪ್ಪು ಲೇಪ ಮಾಡಿಕೊಡುತ್ತೇವೆ ಅಂತಲೂ ಕೆಲವರು ಬರುತ್ತಾರೆ. ನಾನಾದರೆ ಒಪ್ಪುವುದಿಲ್ಲ. ಅದು ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ನೀರು ಹಿಂದೆ ಸೇರಿಕೊಂಡು, ಹೊರಗೆ ಕಾಣದಂತೆ ತುಕ್ಕು ಬೆಳೆಯುತ್ತದೆ.

ಚಳಿ ಹೋದ ಮೇಲೂ ಒಂದು ಕೆಲಸ ಇದೆ. ಮನೆಯ ಹೊರಗಿನ ನಲ್ಲಿ ಮತ್ತೆ ತೆರೆದ ಮೇಲೆ, ಹುಲ್ಲಿಗೆ ನೀರು ಹಾಕುವ ಸ್ಪ್ರಿಂಕ್ಲರನ್ನು ಟ್ರಕ್ಕಿನ ಅಡಿಗೆ ಇಟ್ಟು ಬಿಡಿ. ಮುಂದೆ ಸ್ವಲ್ಪ ಹೊತ್ತು, ನಡುವೆ ಸ್ವಲ್ಪ ಹೊತ್ತು, ಹಿಂದೆ ಸ್ವಲ್ಪ ಹೊತ್ತು. ಒತ್ತಡ ಬೇಡ, ನೀರು ನೆನೆಸಿ ಕರಗಿಸಬೇಕು ಅಷ್ಟೇ. ಏಪ್ರಿಲ್, ಮೇ ತಿಂಗಳ ಬೆಚ್ಚಗಿನ ತೇವದಲ್ಲಿ ಉಳಿದ ಉಪ್ಪು ಚೆನ್ನಾಗಿ ಕೆಲಸ ಮಾಡುತ್ತದೆ. ಚಳಿಗಾಲ ಪೂರ್ತಿ ಜೋಪಾನ ಮಾಡಿದವರೂ ಇದನ್ನು ಬಿಟ್ಟುಬಿಡುತ್ತಾರೆ.

ಟ್ರಕ್ಕು ಯಾವ ಕಂಪನಿಯದ್ದು, ಯಾವ ವರ್ಷದ್ದು ಅಂತ ನೀವು ಬರೆದಿಲ್ಲ. ತಿಳಿಸಿದರೆ ಅದರಲ್ಲಿ ಬ್ರೇಕ್ ಪೈಪು ಯಾವ ಕಡೆ ಹೋಗುತ್ತದೆ, ಫ್ರೇಮಿನ ತೂತುಗಳು ಎಲ್ಲಿವೆ ಅಂತ ಹುಡುಕಿ ಹೇಳುತ್ತೇನೆ.