ಗುಂಪು ಬೆಳೆದಾಗ ಮಾತು ಸೊರಗದಿರಲು

ಪ್ರಶ್ನೆ: ಗಿಡಗಳನ್ನು ಗುರುತಿಸುವ ಆಸಕ್ತರ ಆನ್‌ಲೈನ್ ಗುಂಪು ನಮ್ಮದು. ಅರವತ್ತು ಜನ ಇದ್ದಾಗ ಚರ್ಚೆ ಗಟ್ಟಿಯಾಗಿತ್ತು. ಸೇರುವ ಲಿಂಕ್ ಎಲ್ಲೆಲ್ಲೋ ಹರಿದಾಡಿ ಒಂದೇ ತಿಂಗಳಲ್ಲಿ ಇನ್ನೂರೈವತ್ತು ದಾಟಿತು. ಈಗ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ, ಬಲ್ಲವರು ಬರೆಯುವುದನ್ನೇ ಬಿಟ್ಟಿದ್ದಾರೆ. ನಿಯಮ ಬಿಗಿ ಮಾಡಬೇಕೆ?

ಉತ್ತರ: ನಿಯಮದ ಮಾತು ಆಮೇಲೆ, ಮೊದಲು ಆ ಲಿಂಕ್ ರದ್ದು ಮಾಡಿ. ಇನ್ನು ಮುಂದೆ ಅಡ್ಮಿನ್ ಒಪ್ಪಿದ ಮೇಲೆಯೇ ಸೇರುವಂತೆ ಸೆಟ್ಟಿಂಗ್ ಬದಲಿಸಿ. ಹೊಸಬರು ಗುಂಪಿನ ರೀತಿಯನ್ನು ನಿಯಮ ಓದಿ ಕಲಿಯುವುದಿಲ್ಲ, ಉಳಿದವರು ಬರೆಯುವುದನ್ನು ನೋಡಿ ಕಲಿಯುತ್ತಾರೆ. ನೋಡಲು ಹಳಬರ ಬರಹವೇ ಕಾಣದಷ್ಟು ಹೊಸಬರು ಒಟ್ಟಿಗೆ ಬಂದರೆ ಅವರು ಒಬ್ಬರನ್ನೊಬ್ಬರು ನೋಡಿ ಕಲಿಯುತ್ತಾರೆ.

ಇದು ಹಳೆಯ ಕಾಯಿಲೆ. ವೆಬ್‌ಗೂ ಹಳೆಯ ಆನ್‌ಲೈನ್ ಚರ್ಚಾ ಜಾಲವಾದ ಯೂಸ್‌ನೆಟ್ ಕಾಲದಲ್ಲಿ ಪ್ರತಿ ಸೆಪ್ಟೆಂಬರ್‌ಗೆ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ಚರ್ಚೆಗೆ ನುಗ್ಗುತ್ತಿದ್ದರು, ಕೆಲವು ವಾರ ಗದ್ದಲವಾಗಿ ಆಮೇಲೆ ಒಗ್ಗಿಕೊಳ್ಳುತ್ತಿದ್ದರು. 1993ರಿಂದೀಚೆಗೆ ವಾಣಿಜ್ಯ ಇಂಟರ್ನೆಟ್ ಸೇವೆಗಳ ಚಂದಾದಾರರು ವರ್ಷವಿಡೀ ಬರತೊಡಗಿದರು. ಒಗ್ಗಿಕೊಳ್ಳಲು ಬಿಡುವೇ ಸಿಗಲಿಲ್ಲ. ಹಳಬರು ಆ ಕಾಲಕ್ಕೆ ‘ಮುಗಿಯದ ಸೆಪ್ಟೆಂಬರ್’ ಎಂದೇ ಹೆಸರಿಟ್ಟರು.

ವಾರಕ್ಕೊಮ್ಮೆಯಾದರೂ ಬರೆಯುವವರು ಎಷ್ಟು ಎಂದು ಎಣಿಸಿ. ಸದಸ್ಯರ ಒಟ್ಟು ಸಂಖ್ಯೆಯಿಂದ ಏನೂ ತಿಳಿಯದು. ಅಂಥವರು ನಲವತ್ತು ಇದ್ದರೆ ತಿಂಗಳಿಗೆ ನಾಲ್ಕೈದು ಹೊಸಬರು ಸಾಕು. ಇದು ಕೈಅಂದಾಜು ಅಷ್ಟೇ, ಹೆಚ್ಚುಕಡಿಮೆ ಆದೀತು. ಸೇರುವಾಗ ‘ಯಾಕೆ ಸೇರುತ್ತೀರಿ’ ಎಂದು ಕೇಳಬೇಡಿ, ಎಲ್ಲರೂ ‘ಆಸಕ್ತಿ ಇದೆ’ ಎಂದೇ ಬರೆಯುತ್ತಾರೆ. ‘ನೀವು ಗುರುತಿಸಲಾಗದ ಒಂದು ಗಿಡದ ಎಲೆಗಳು ಎದುರುಬದುರಾಗಿವೆಯೋ, ಒಂದಾದ ಮೇಲೊಂದು ಇವೆಯೋ?’ ಎಂದು ಕೇಳಿ. ನಿಜವಾಗಿ ಗಿಡ ನೋಡುವವರಿಗೆ ಇದು ಒಂದು ನಿಮಿಷದ ಕೆಲಸ, ಸುಮ್ಮನೆ ಒತ್ತಿ ಸೇರುವವರು ಅಲ್ಲೇ ಹಿಂದಿರುಗುತ್ತಾರೆ. ಮೆಟಾಫಿಲ್ಟರ್ ಎಂಬ ಚರ್ಚಾ ತಾಣ ಖಾತೆ ತೆರೆಯಲು ಒಂದೇ ಸಲ ಕೊಡುವ ಐದು ಡಾಲರ್ ಶುಲ್ಕ ಇಟ್ಟಿತು. ಲಾಬ್‌ಸ್ಟರ್ಸ್ ಎಂಬ ತಂತ್ರಜ್ಞಾನ ಚರ್ಚೆಯ ತಾಣದಲ್ಲಿ ಸೇರಲು ಸದಸ್ಯರ ಆಹ್ವಾನ ಬೇಕು, ಯಾರು ಯಾರನ್ನು ಕರೆತಂದರು ಎಂಬುದು ಎಲ್ಲರಿಗೂ ಕಾಣುತ್ತದೆ. ಸಣ್ಣ ಗುಂಪಿಗೆ ಈ ಎರಡನೆಯ ದಾರಿಯೇ ಮೇಲು: ಕರೆತಂದವರಿಗೂ ಸ್ವಲ್ಪ ಹೊಣೆ ಇರುತ್ತದೆ.

ಒಂದೇ ಪ್ರಶ್ನೆ ಮರುಕಳಿಸುವುದಕ್ಕೆ ಮದ್ದು ಬೇರೆ. ಹೆಸರು ಕೇಳುವ ಪೋಸ್ಟಿನಲ್ಲಿ ಇಡೀ ಗಿಡ, ಎಲೆಯ ಎರಡೂ ಬದಿ, ಹೂ ಅಥವಾ ಕಾಯಿ, ಹೀಗೆ ನಾಲ್ಕು ಚಿತ್ರ. ಜೊತೆಗೆ ಗಿಡ ಬೆಳೆದ ಜಾಗದ ಒಂದು ಸಾಲು. ಇವಿಲ್ಲದ ಪೋಸ್ಟಿಗೆ ಯಾರೂ ಹೆಸರು ಹೇಳಬಾರದು, ಏನು ಬೇಕೆಂದಷ್ಟೇ ಕೇಳಬೇಕು. ಒಬ್ಬರು ಕರುಣೆ ತೋರಿ ಮಸುಕು ಚಿತ್ರಕ್ಕೆ ಹೆಸರು ಹೇಳಿಬಿಟ್ಟರೆ ಮರುದಿನ ಅಂಥವೇ ಹತ್ತು ಬರುತ್ತವೆ.

ಸುಮ್ಮನಾದವರಿಗೆ ‘ಮತ್ತೆ ಬರೆಯಿರಿ’ ಎಂಬ ಸಾಮೂಹಿಕ ಮನವಿ ನಾಟುವುದಿಲ್ಲ. ಅವರಿಗೆ ಮಾತ್ರ ಗೊತ್ತಿರುವ ಒಂದು ವಿಷಯ ಹಿಡಿದು ಖಾಸಗಿಯಾಗಿ ಕೇಳಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬರು ಭಾರಿ ತಿಳಿದವರು. ಆದರೆ ತಪ್ಪು ಹೇಳಿದವರನ್ನು ಹೀಯಾಳಿಸುತ್ತಾರೆ. ತೆಗೆದರೆ ಗುಂಪಿಗೇ ನಷ್ಟವಲ್ಲವೇ?

ಉತ್ತರ: ಅವರು ಬರೆಯುವುದು ಕಣ್ಣಿಗೆ ಕಾಣುತ್ತದೆ, ಅವರಿಗೆ ಹೆದರಿ ಬೇರೆಯವರು ಬರೆಯದೆ ಬಿಟ್ಟದ್ದು ಕಾಣುವುದಿಲ್ಲ. ಲೆಕ್ಕ ತಪ್ಪುವುದು ಇಲ್ಲೇ. ಅವರು ಉತ್ತರಿಸಿದ ಹತ್ತು ಹೊಸಬರನ್ನು ಹುಡುಕಿ ನೋಡಿ, ಅವರಲ್ಲಿ ಎಷ್ಟು ಜನ ಎರಡನೇ ಸಲ ಬರೆದಿದ್ದಾರೆ? ಒಬ್ಬರೋ ಇಬ್ಬರೋ ಆದರೆ ತೀರ್ಮಾನ ಕಷ್ಟವಲ್ಲ.

ಮೊದಲು ಖಾಸಗಿಯಾಗಿ, ನಿರ್ದಿಷ್ಟ ವಾಕ್ಯವನ್ನೇ ತೋರಿಸಿ ಹೇಳಿ. ‘ಸ್ವಲ್ಪ ಮೃದುವಾಗಿರಿ’ ಎಂದರೆ ವಾದಕ್ಕೆ ನಿಲ್ಲುತ್ತಾರೆ. ‘ಇಷ್ಟೂ ಗೊತ್ತಿಲ್ಲವೇ ಎಂಬ ಸಾಲು ತೆಗೆದಿದ್ದೇವೆ, ಉಳಿದ ಉತ್ತರ ಹಾಗೇ ಇದೆ’ ಎಂದರೆ ವಾದಕ್ಕೆ ಎಡೆ ಕಡಿಮೆ. ಮತ್ತೆ ಹಾಗೆಯೇ ಬರೆದರೆ ಏಳು ದಿನ ಬರೆಯದಂತೆ ತಡೆ, ಮೂರನೆಯ ಸಲಕ್ಕೆ ಹೊರಗೆ. ಪ್ರತಿ ಹೆಜ್ಜೆಯನ್ನೂ ದಿನಾಂಕದೊಂದಿಗೆ ಅಡ್ಮಿನ್‌ಗಳು ಒಂದೆಡೆ ಬರೆದಿಡಲಿ. ಇಲ್ಲದಿದ್ದರೆ ಮೂರು ತಿಂಗಳ ಮೇಲೆ ಯಾರಿಗೆ ಎಷ್ಟನೇ ಎಚ್ಚರಿಕೆ ಎಂಬುದರ ಮೇಲೇ ಜಗಳವಾಗುತ್ತದೆ. ಸ್ಪ್ಯಾಮ್ ಹಾಕುವವರಿಗೆ ಈ ಮೆಟ್ಟಿಲುಗಳೆಲ್ಲ ಬೇಡ, ನೇರವಾಗಿ ತೆಗೆಯಿರಿ.

ಪ್ರಶ್ನೆ: ಒಳ್ಳೆಯ ಪೋಸ್ಟ್ ಮೇಲೆ ಬರಲು ವೋಟ್ ವ್ಯವಸ್ಥೆ ಬೇಕೆ?

ಉತ್ತರ: ನೂರು ಜನರೊಳಗೆ ಬೇಡ. ಒಂದೇ ಕ್ಷಣದಲ್ಲಿ ಅರ್ಥವಾಗುವ ತಮಾಷೆಗೆ ಬೇಗ ವೋಟ್ ಬೀಳುತ್ತದೆ, ನಿಧಾನವಾಗಿ ಓದಬೇಕಾದ್ದು ಕೆಳಗೆ ಜಾರುತ್ತದೆ. ದೊಡ್ಡ ತಾಣಗಳು ಇದಕ್ಕೆ ಕಡಿವಾಣ ಹಾಕಿಯೇ ಬಳಸುತ್ತವೆ. ತಂತ್ರಜ್ಞಾನ ಸುದ್ದಿಯ ತಾಣ ಸ್ಲ್ಯಾಶ್‌ಡಾಟ್‌ನಲ್ಲಿ ಕಾಮೆಂಟಿನ ಅಂಕ 5 ದಾಟುವುದಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋನಲ್ಲಿ ಬೇರೆಯವರ ಉತ್ತರಕ್ಕೆ ವಿರುದ್ಧ ವೋಟ್ ಹಾಕಿದವರು ತಮ್ಮದೇ ಒಂದು ಅಂಕ ಕಳೆದುಕೊಳ್ಳುತ್ತಾರೆ. ನಿಮಗೆ ಅಡ್ಮಿನ್ ವಾರಕ್ಕೊಂದು ಒಳ್ಳೆಯ ಉತ್ತರ ಆರಿಸಿ ಪಿನ್ ಮಾಡಿದರೆ ಸಾಕು. ಯಾಕೆ ಆರಿಸಿದ್ದು ಎಂದು ಎರಡು ಸಾಲು ಇರಲಿ, ಉಳಿದವರಿಗೆ ಮಾದರಿ ಸಿಗುವುದು ಅದರಿಂದಲೇ.

ಪ್ರಶ್ನೆ: ಅಡ್ಮಿನ್ ಒಬ್ಬರೇ ಇದ್ದರೆ ಸಾಲದೇ?

ಉತ್ತರ: ಮೂವರು ಬೇಕು. ಒಬ್ಬರೇ ಆದರೆ ಅವರು ಮಲಗಿದ ಹೊತ್ತಿನಲ್ಲೇ ಜಗಳ ಹತ್ತುತ್ತದೆ. ಇಬ್ಬರಾದರೆ ಭಿನ್ನಾಭಿಪ್ರಾಯ ಬಂದಾಗ ಕೆಲಸ ನಿಲ್ಲುತ್ತದೆ. ಮೂವರ ನಡುವೆಯೂ ಒಂದು ಕಟ್ಟು ಇರಲಿ: ತಾನು ವಾದಿಸುತ್ತಿರುವ ಚರ್ಚೆಯಲ್ಲಿ ಯಾವ ಅಡ್ಮಿನ್ನೂ ಪೋಸ್ಟ್ ಅಳಿಸಬಾರದು, ಉಳಿದಿಬ್ಬರಲ್ಲಿ ಒಬ್ಬರು ನೋಡಬೇಕು.