ಆಗಸ್ಟ್‌ವರೆಗೆ ಕಾಯಬೇಕಾ, ಜೂನ್‌ಗೇ ಲ್ಯಾಬಿಗೆ ಬರಲಾ ಅಂತ ಕೇಳಿದ್ದಕ್ಕೆ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ, ಅಡ್ವೈಸರ್, ಅಂದರೆ ರಿಸರ್ಚಿಗೆ ಗೈಡ್ ಆಗುವ ಪ್ರೊಫೆಸರ್, ಯಾರು ಅಂತಲೂ ಗೊತ್ತಾಗಿದೆ, ಮೇ ತಿಂಗಳಲ್ಲಿ ಪರೀಕ್ಷೆ ಮುಗಿದರೆ ಆಗಸ್ಟ್‌ವರೆಗೆ ಕೈ ಖಾಲಿ. ಜೂನ್‌ನಲ್ಲೇ ಬಂದು ರಿಸರ್ಚ್ ಶುರು ಮಾಡಲಾ ಅಂತ ಅವರನ್ನು ಕೇಳಿದರೆ ತಪ್ಪು ತಿಳಿದುಕೊಳ್ಳುತ್ತಾರಾ ಅನ್ನೋದು ನಿಮ್ಮ ಭಯ.

ತಿಳಿದುಕೊಳ್ಳುವುದಿಲ್ಲ. ಕೇಳಿ. ನಾನು ಇಲ್ಲಿಗೆ ಬಂದು ಹದಿನೈದು ವರ್ಷ ದಾಟಿತು, ಕೆಲಸ ಮಾಡಬೇಕು ಅಂತ ಆಸೆ ತೋರಿಸಿದ್ದಕ್ಕೆ ಹೊಸ ಸ್ಟೂಡೆಂಟ್ ಮೇಲೆ ಬೇಜಾರು ಮಾಡಿಕೊಂಡ ಪ್ರೊಫೆಸರ್ ಒಬ್ಬರನ್ನೂ ನೋಡಿಲ್ಲ. ಆಗಲ್ಲ ಅನ್ನುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅದು ಬೇರೆ ವಿಷಯ.

ಆದರೆ ಅಡ್ವೈಸರ್ ಹೂಂ ಅಂದ ಮಾತ್ರಕ್ಕೆ ನೀವು ಬರಲು ಆಗುವುದಿಲ್ಲ. ಇದನ್ನು ಕಷ್ಟಪಟ್ಟು ಕಲಿತವನು ನಾನು. ನನ್ನ ಅಡ್ವೈಸರ್ ಎರಡೇ ಸಾಲಿನಲ್ಲಿ ಉತ್ತರ ಬರೆದಿದ್ದರು, ಜೂನ್ ಮೊದಲ ವಾರ ಬಾ, ನಿನಗೊಂದು ಡೆಸ್ಕ್ ಇದೆ ಅಂತ. ಆ ಖುಷಿಯಲ್ಲಿ ಟಿಕೆಟ್ ಮಾಡಿಸಿಬಿಟ್ಟೆ. ದುಡ್ಡು ಕೊಟ್ಟಿದ್ದು ಅಪ್ಪ. ಆಮೇಲೆ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಬೇರೇನೋ ಕೇಳಲು ಬರೆದಾಗ ಅವರೇ ಹೇಳಿದರು, ನಿಮ್ಮ ಐ-20ಯಲ್ಲಿ (ಸ್ಟೂಡೆಂಟ್ ವೀಸಾಕ್ಕಾಗಿ ಯೂನಿವರ್ಸಿಟಿ ಕೊಡುವ ಪತ್ರ) ಇರುವ ತಾರೀಖು ಆಗಸ್ಟ್ ತಿಂಗಳದ್ದು, ಜೂನ್‌ನಲ್ಲಿ ಬಂದರೆ ಏರ್‌ಪೋರ್ಟಿನಲ್ಲಿ ಒಳಗೆ ಬಿಡುವುದಿಲ್ಲ ಅಂತ. ಟಿಕೆಟ್ ಬದಲಾಯಿಸುವಾಗ ಹೋದ ದುಡ್ಡಿಗಿಂತ, ಅದನ್ನು ಮನೆಯಲ್ಲಿ ಹೇಳಬೇಕಾಗಿ ಬಂದಿದ್ದೇ ಜಾಸ್ತಿ ನೋವು ಕೊಟ್ಟಿತು. ಅಡ್ವೈಸರ್ ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅಷ್ಟೇ. ವೀಸಾ ನಿಯಮ ತಿಳಿದಿರುವ ಪ್ರೊಫೆಸರ್‌ಗಳು ಬಹಳ ಕಡಿಮೆ.

ನಿಯಮ ಹೀಗಿದೆ. ಎಫ್-1 ವೀಸಾ, ಅಂದರೆ ಸ್ಟೂಡೆಂಟ್ ವೀಸಾ, ಕೈಗೆ ಎಷ್ಟು ಬೇಗ ಬಂದರೂ, ಐ-20ಯಲ್ಲಿ ಬರೆದಿರುವ ಪ್ರೋಗ್ರಾಮ್ ಶುರುವಾಗುವ ದಿನಕ್ಕಿಂತ 30 ದಿನ ಮೊದಲು ಮಾತ್ರ ದೇಶದೊಳಗೆ ಬರಬಹುದು. ಕ್ಯಾಂಪಸ್ ಒಳಗಿನ ಸಂಬಳದ ಕೆಲಸಕ್ಕೂ ಅದೇ ಲೆಕ್ಕ, ಕ್ಲಾಸು ಶುರುವಾಗುವ 30 ದಿನ ಮೊದಲಿಂದ ಮಾತ್ರ. ಅಂದರೆ ಆಗಸ್ಟ್ 20 ಅಂತ ಇದ್ದರೆ ಜುಲೈ 21ಕ್ಕಿಂತ ಮುಂಚೆ ಇಲ್ಲ. ಜೂನ್‌ಗೇ ಬರಬೇಕು ಅಂದರೆ ಡಿಪಾರ್ಟ್‌ಮೆಂಟು ನಿಮ್ಮನ್ನು ಸಮ್ಮರ್‌ನಿಂದಲೇ ಸೇರಿಸಿಕೊಂಡು ಆ ತಾರೀಖಿನ ಐ-20 ಕೊಡಬೇಕು. ಕೆಲವು ಕಡೆ ಇದು ಸಾಮಾನ್ಯ. ಬಯಾಲಜಿ ಕಡೆಯ ಎಷ್ಟೋ ಪ್ರೋಗ್ರಾಮುಗಳಲ್ಲಿ ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ರೊಟೇಷನ್, ಅಂದರೆ ಒಂದೊಂದರಲ್ಲೂ ಸ್ವಲ್ಪ ಕಾಲ ಕೆಲಸ, ಮಾಡಬೇಕು, ಅದರಲ್ಲಿ ಒಂದನ್ನು ಸಮ್ಮರ್‌ನಲ್ಲೇ ಮುಗಿಸಿಕೊಳ್ಳಲು ಬಿಡುತ್ತಾರೆ. ಇದನ್ನೆಲ್ಲ ಕೇಳಬೇಕಾಗಿದ್ದು ಅಡ್ವೈಸರ್ ಹತ್ತಿರ ಅಲ್ಲ, ಡಿಪಾರ್ಟ್‌ಮೆಂಟಿನ ಗ್ರ್ಯಾಜುಯೇಟ್ ಕೋಆರ್ಡಿನೇಟರ್ ಹತ್ತಿರ. ವೀಸಾ ಇಂಟರ್‌ವ್ಯೂಗೆ ಹೋಗುವ ಮುಂಚೆಯೇ ಇದು ತೀರ್ಮಾನ ಆಗಿರಬೇಕು. ಇಲ್ಲದಿದ್ದರೆ ಹೊಸ ಐ-20 ಹಿಡಿದು ಮತ್ತೆ ಓಡಾಟ.

ಟೂರಿಸ್ಟ್ ವೀಸಾದಲ್ಲಿ ಬಂದು ಸುಮ್ನೆ ಲ್ಯಾಬಿಗೆ ಹೋಗಿ ಬರ್ತೀನಿ, ಸಂಬಳ ಬೇಡ ಅಂತ ಯಾರಾದರೂ ಐಡಿಯಾ ಕೊಟ್ಟರೆ ಕೇಳಬೇಡಿ. ಸಂಬಳ ಇಲ್ಲದ ಮಾತ್ರಕ್ಕೆ ಅದು ಕೆಲಸ ಅಲ್ಲ ಅಂತ ಆಗುವುದಿಲ್ಲ. ಮುಂದಿನ ಐದಾರು ವರ್ಷ ನೀವು ಈ ದೇಶದ ಗಡಿ ದಾಟಿ ಹೋಗಿ ಬರಬೇಕಾದವರು, ಇಂಥದ್ದಕ್ಕಾಗಿ ಅದನ್ನು ಪಣಕ್ಕಿಡಬೇಡಿ.

ಇನ್ನು ದುಡ್ಡಿನ ಮಾತು. ಇಲ್ಲಿ ಬಹಳ ಯೂನಿವರ್ಸಿಟಿಗಳಲ್ಲಿ ಪ್ರೊಫೆಸರ್‌ಗೇ ವರ್ಷಕ್ಕೆ 9 ತಿಂಗಳ ಸಂಬಳ, ಸಮ್ಮರ್ ಸಂಬಳವನ್ನು ಅವರು ತಮ್ಮ ಗ್ರ್ಯಾಂಟಿನಿಂದ (ರಿಸರ್ಚಿಗೆಂದು ಹೊರಗಿನಿಂದ ಬರುವ ಹಣ) ತೆಗೆದುಕೊಳ್ಳುತ್ತಾರೆ. ಲ್ಯಾಬಿನಲ್ಲಿ ಈಗಾಗಲೇ ಇರುವ ಸ್ಟೂಡೆಂಟ್‌ಗಳ ಸಮ್ಮರ್ ಸಂಬಳವೂ ಸಾಮಾನ್ಯವಾಗಿ ಅದೇ ಗ್ರ್ಯಾಂಟಿನಿಂದ. ಹಾಗಾಗಿ ನೀವು ಮೇ ಕೊನೆಯಲ್ಲಿ ಕೇಳಿದರೆ ಅಷ್ಟೊತ್ತಿಗೆ ಲೆಕ್ಕ ಮುಗಿದಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಕೇಳಿದರೆ ಜಾಗ ಇರಬಹುದು. ಮೇ ತಿಂಗಳಲ್ಲಿ ಸೆಮಿಸ್ಟರ್ ಮುಗಿಯುವ ಗಡಿಬಿಡಿ ಬೇರೆ ಇರುತ್ತದೆ, ಕಂಪ್ಯೂಟರ್ ಸೈನ್ಸ್‌ನವರಾದರೆ ನ್ಯೂರಿಪ್ಸ್ ಅನ್ನುವ ದೊಡ್ಡ ಎಐ ಸಮ್ಮೇಳನಕ್ಕೆ ಪೇಪರ್ ಕಳಿಸುವ ಓಟ. ಆಗ ಬಂದ ಇಮೇಲ್ ಕೆಳಗೆ ಹೋಗಿಬಿಡುತ್ತದೆ.

ಇಮೇಲ್ ಚಿಕ್ಕದಾಗಿರಲಿ. ನಮ್ಮವರು ಬರೆಯುವ ಹಾಗೆ ಮೊದಲ ಪ್ಯಾರಾ ಪೂರ್ತಿ ಹೊಗಳಿಕೆ, ಎರಡನೇ ಪ್ಯಾರಾ ಪೂರ್ತಿ ನಿಮ್ಮ ಮಾರ್ಕ್ಸು, ಅದು ಬೇಡ. ಅವರು ನಿಮ್ಮನ್ನು ಆರಿಸಿ ಆಗಿದೆ. ಹೀಗಿದ್ದರೆ ಸಾಕು: ನನ್ನ ಪರೀಕ್ಷೆ ಮೇ ಎರಡನೇ ವಾರ ಮುಗಿಯುತ್ತದೆ, ಆಮೇಲೆ ಸುಮಾರು ಹತ್ತು ವಾರ ಬಿಡುವಿದೆ. ನಿಮ್ಮ ಗುಂಪಿನ ಇಂಥ ಪೇಪರ್ ಓದಿದೆ, ಅದರ ಈ ಭಾಗ ನನಗೆ ಹಿಡಿಸಿತು. ಬೇಗ ಬಂದು ಶುರು ಮಾಡುವ ಸಾಧ್ಯತೆ ಇದೆಯಾ, ಇದ್ದರೆ ಅದಕ್ಕೆ ಫಂಡಿಂಗ್ ಇದೆಯಾ? ಇಲ್ಲದಿದ್ದರೆ ಇಲ್ಲಿಂದಲೇ ಓದಿಕೊಂಡು ತಯಾರಾಗಲು ಏನು ಸೂಚಿಸುತ್ತೀರಿ?

ಕೊನೆಯ ಆ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಬೇಗ ಬರುವುದಕ್ಕೆ ಬೇಡ ಅನ್ನುವ ಪ್ರೊಫೆಸರ್‌ಗೂ ಅದರಿಂದ ಏನಾದರೂ ಒಂದು ಉತ್ತರ ಕೊಡುವ ದಾರಿ ಸಿಗುತ್ತದೆ. ಫಂಡಿಂಗ್ ಅಂತ ಬಾಯಿಬಿಟ್ಟು ಕೇಳಲು ನಮಗೆ ಸಂಕೋಚ, ಗೊತ್ತು. ಇಲ್ಲಿ ಅದನ್ನು ಯಾರೂ ದುರಾಸೆ ಅಂದುಕೊಳ್ಳುವುದಿಲ್ಲ, ನೇರವಾಗಿ ಕೇಳಿ. ಹತ್ತು ದಿನ ಉತ್ತರ ಬರದಿದ್ದರೆ ಅದೇ ಇಮೇಲ್ ಕೆಳಗೆ ಒಂದು ಸಾಲು ಬರೆದು ನೆನಪಿಸಿ.

ಅವರು "ರೆಸ್ಟ್ ತಗೊಳ್ಳಿ, ಆಗಸ್ಟ್‌ನಲ್ಲಿ ಸಿಗೋಣ" ಅಂದರೆ ಅದರಲ್ಲಿ ಬೇರೆ ಅರ್ಥ ಹುಡುಕಬೇಡಿ. ಅದು ಪರೀಕ್ಷೆ ಅಲ್ಲ. ಎಷ್ಟೋ ಪ್ರೊಫೆಸರ್‌ಗಳು ಸಮ್ಮರ್‌ನಲ್ಲಿ ಊರಲ್ಲೇ ಇರುವುದಿಲ್ಲ, ನಿಮ್ಮನ್ನು ಕರೆಸಿ ಒಂಟಿಯಾಗಿ ಕೂರಿಸುವುದು ಅವರಿಗೂ ಇಷ್ಟ ಇರುವುದಿಲ್ಲ.

ನಿಮಗೆ ಏನಾದರೂ ಮಾಡಲೇಬೇಕು ಅನಿಸಿದರೆ ಮನೆಯಿಂದಲೇ ಮಾಡಬಹುದಾದ ಒಂದು ಕೆಲಸ ಇದೆ, ನನ್ನ ಪ್ರಕಾರ ಅದು ಹತ್ತು ಪೇಪರ್ ಓದುವುದಕ್ಕಿಂತ ಮೇಲು. ಆ ಲ್ಯಾಬಿನ ಒಂದು ಪೇಪರ್ ತೆಗೆದುಕೊಳ್ಳಿ, ಡೇಟಾ ಅಥವಾ ಕೋಡ್ ಎಲ್ಲರಿಗೂ ಸಿಗುವಂಥದ್ದು. ಅದರಲ್ಲಿರುವ ಒಂದೇ ಒಂದು ಗ್ರಾಫನ್ನು ನೀವೇ ಮತ್ತೆ ಮಾಡಿ ನೋಡಿ. ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತೀರಿ. ಆಗ ಲ್ಯಾಬಿನ ಸೀನಿಯರ್ ಸ್ಟೂಡೆಂಟಿಗೆ ಬರೆದು ಕೇಳಿ, ಪರಿಚಯ ಅಲ್ಲಿಂದಲೇ ಶುರುವಾಗುತ್ತದೆ. ವಾರದ ಗ್ರೂಪ್ ಮೀಟಿಂಗನ್ನು ಝೂಮ್‌ನಲ್ಲಿ ಕೇಳಿಸಿಕೊಳ್ಳಬಹುದಾ ಅಂತಲೂ ವಿಚಾರಿಸಿ. ನಿಮ್ಮ ಯೂನಿವರ್ಸಿಟಿ ಪೂರ್ವ ತೀರದಲ್ಲಿದ್ದರೆ ಬೇಸಿಗೆಯಲ್ಲಿ ಅಲ್ಲಿಯ ಬೆಳಿಗ್ಗೆ 10 ಗಂಟೆ ಅಂದರೆ ನಿಮಗೆ ಸಂಜೆ ಏಳೂವರೆ, ತೊಂದರೆ ಇಲ್ಲ. ಪಶ್ಚಿಮ ತೀರವಾದರೆ ರಾತ್ರಿ ಹತ್ತೂವರೆ ಆಗುತ್ತದೆ. ಆದರೆ ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಸಂಬಳ ನಿರೀಕ್ಷಿಸಬೇಡಿ, ಬೇರೆ ದೇಶದಲ್ಲಿ ಇರುವವರಿಗೆ ಯೂನಿವರ್ಸಿಟಿ ಸಂಬಳ ಕೊಡುವುದು ತುಂಬಾ ತೊಡಕಿನ ವ್ಯವಹಾರ.

ನನ್ನನ್ನೇ ಕೇಳಿದರೆ, ಜೂನ್ ಬಿಡಿ. ಆ 30 ದಿನವನ್ನು ಪೂರ್ತಿ ಬಳಸಿಕೊಳ್ಳಿ. ಜುಲೈ ಕೊನೆಯ ವಾರ ಬನ್ನಿ. ಊರು ಖಾಲಿ ಇರುತ್ತದೆ, ಮನೆ ಹುಡುಕಲು, ಬ್ಯಾಂಕ್ ಖಾತೆ ತೆರೆಯಲು ಸಮಯ ಸಿಗುತ್ತದೆ. ಸಂಬಳ, ತೆರಿಗೆ ಲೆಕ್ಕಕ್ಕೆ ಇಲ್ಲಿ ಬಳಸುವ ಸೋಷಿಯಲ್ ಸೆಕ್ಯುರಿಟಿ ನಂಬರ್‌ಗೆ ಅರ್ಜಿ ಹಾಕಲು ಕೆಲಸದ ಪತ್ರ ಬೇಕು, ಬಂದ ಮೇಲೆ ಹತ್ತು ದಿನ ಬಿಟ್ಟು ಹೋಗಿ ಅನ್ನುತ್ತಾರೆ, ಆ ಸುತ್ತಾಟವೆಲ್ಲ ಕ್ಲಾಸಿಗೆ ಮುಂಚೆ ಮುಗಿದರೆ ದೊಡ್ಡ ನೆಮ್ಮದಿ. ಸ್ಟೂಡೆಂಟ್ ಇನ್ಶೂರೆನ್ಸ್ ಯಾವ ದಿನದಿಂದ ಶುರು ಅಂತ ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ, ಬಹಳ ಕಡೆ ಅದು ಆಗಸ್ಟ್‌ನಿಂದ. ಮಧ್ಯದ ದಿನಗಳಿಗೆ ಬೇರೆ ಇನ್ಶೂರೆನ್ಸ್ ಮಾಡಿಸಿ, ಹಾಗೇ ಬರಬೇಡಿ. ಮೊದಲ ಸಂಬಳ ಬರುವವರೆಗಿನ ಬಾಡಿಗೆ, ಡೆಪಾಸಿಟ್ಟಿಗೂ ದುಡ್ಡು ಇಟ್ಟುಕೊಂಡಿರಿ.

ಜೂನ್ ಯಾಕೆ ಬಿಡಿ ಅಂದೆ ಅಂದರೆ, ನಾನು ಬಂದ ಮೇಲೆ ಮೊದಲ ಸಲ ಮನೆಗೆ ಹೋಗಲು ಆಗಿದ್ದು ಎರಡೂವರೆ ವರ್ಷದ ನಂತರ. ಟಿಕೆಟ್ ಬದಲಾದ ಕಾರಣಕ್ಕೆ ಸಿಕ್ಕ ಆ ಏಳು ವಾರ ಅಪ್ಪ ಅಮ್ಮನ ಜೊತೆ ಕಳೆದೆ. ಆಗ ಸಮಯ ದಂಡವಾಯಿತು ಅಂತ ಸಂಕಟಪಟ್ಟಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಐ-20 ಬಂದಿದ್ದರೆ ತೆಗೆದು ಅದರ ಮೊದಲ ಪುಟದಲ್ಲಿರುವ ತಾರೀಖು ನೋಡಿ. ಅಡ್ವೈಸರ್‌ಗೆ ಬರೆಯುವ ದಿನವೇ ಇಂಟರ್‌ನ್ಯಾಷನಲ್ ಆಫೀಸಿಗೂ ಒಂದು ಇಮೇಲ್ ಹಾಕಿ. ಇಬ್ಬರ ಉತ್ತರವೂ ಬರುವವರೆಗೆ ಟಿಕೆಟ್ ಮಾಡಿಸಬೇಡಿ.