ಬೆಲೆ ಇಳಿಸಿದರೆ ಸಾಕೇ?

ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಪೇಟೆಯ ಸೌರದೀಪದಿಂದ ಒಂದಷ್ಟು ಭಾಗ ಕಿತ್ತು, ಬೆಲೆ ಅರ್ಧಕ್ಕಿಳಿಸಿದರೂ ಹಳ್ಳಿಯ ಬಡವರು ಕೊಳ್ಳಲಿಲ್ಲ, ಅವರಿಗೆ ಪುಕ್ಕಟೆಯ ಚಟ ಹತ್ತಿದೆ ಎಂದಿದ್ದೀರಿ. ಕಾರ್ಖಾನೆಯಲ್ಲೇ ತಲೆ ನರೆಸಿಕೊಂಡವರ ಮಾತು, ಹಗುರಾಗಿ ತಳ್ಳಿಹಾಕಲಾರೆ. ಒಪ್ಪಲೂ ಆರೆ.

ಬಾಂಗ್ಲಾದೇಶದಲ್ಲಿ ಕಾಲಿನಿಂದ ತುಳಿದು ನೀರೆತ್ತುವ ಪಂಪನ್ನೇ ನೋಡಿ. 1980ರ ಆಸುಪಾಸಿನಲ್ಲಿ ನಾರ್ವೆಯ ಎಂಜಿನಿಯರ್ ಗುನ್ನಾರ್ ಬಾರ್ನೆಸ್ ರೂಪಿಸಿದ್ದು. ಎರಡು ಸಿಲಿಂಡರು, ತುಳಿಯಲು ಎರಡು ಬಿದಿರು, ಅಷ್ಟೆ. ಅಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಕೊಂಡವರು ಸಣ್ಣ ಹಿಡುವಳಿಯ ಬಡರೈತರು, ದುಡ್ಡು ಕೊಟ್ಟೇ ಕೊಂಡರು. ಮಳೆ ನಿಂತ ಮೇಲೆ ಬೀಳು ಬೀಳುತ್ತಿದ್ದ ತುಂಡು ನೆಲದಲ್ಲಿ ತರಕಾರಿ ಬೆಳೆದು ಹಾಕಿದ ದುಡ್ಡನ್ನು ಬೇಗ ಎತ್ತಿಕೊಂಡರು. ಬಿದಿರು ಮುರಿದರೆ ಇನ್ನೊಂದನ್ನು ಕಡಿದು ತಂದು ಕಟ್ಟಿದರಾಯಿತು. (ನೀರು ಏಳು ಮೀಟರಿಗಿಂತ ಆಳಕ್ಕೆ ಇಳಿದ ಕಡೆ ಈ ಪಂಪು ನಿಷ್ಪ್ರಯೋಜಕ. ಎಲ್ಲ ಊರಿಗೂ ಒಂದೇ ಮದ್ದು ಎಂದು ನಾನು ಹೇಳುತ್ತಿಲ್ಲ.)

ಆಫ್ರಿಕಾದ ಪ್ಲೇಪಂಪ್‌ನ ಕಥೆ ಇದಕ್ಕೆ ತಿರುಗಾಮುರುಗಾ. ಮಕ್ಕಳು ತಿರುಗಣಿಯಲ್ಲಿ ಆಡುತ್ತಿದ್ದರೆ ನೀರು ತಾನಾಗಿ ಟ್ಯಾಂಕಿಗೆ ಏರುತ್ತದೆಯಂತೆ! ದಾನಿಗಳು ಮರುಳಾದರು, 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಮಕ್ಕಳು ಆಡುವುದು ಮನಸ್ಸು ಬಂದಾಗ, ಮನೆಗೆ ನೀರು ಬೇಕಾಗುವುದು ಒಲೆ ಹೊತ್ತಿಸುವಾಗ. ಕೊನೆಗೆ ಹೆಂಗಸರೇ ಸೊಂಟ ಬಗ್ಗಿಸಿ ಆ ಚಕ್ರ ತಳ್ಳಬೇಕಾಯಿತು. ಕೆಟ್ಟು ನಿಂತಾಗ ರಿಪೇರಿಗೆ ತಿಂಗಳುಗಟ್ಟಲೆ ಕಾದ ಊರುಗಳೂ ಇದ್ದವು.

ಇನ್ನು ಭಾಗ ಕೀಳುವ ವಿಚಾರ. ಭಾರತದ ಹಳ್ಳಿಗಳಲ್ಲಿ ಮೊದಲು ಕೂರಿಸಿದ ಎರಕದ ಕೈಪಂಪುಗಳು ಒಂದು ಮನೆಯ ಬಳಕೆಗೆ ತಕ್ಕವು. ಅವನ್ನು ಬೆಳಗಿನಿಂದ ರಾತ್ರಿವರೆಗೆ ಇಡೀ ಊರು ಜಗ್ಗಿತು, ಮುರಿದವು. 1970ರ ದಶಕದಲ್ಲಿ ಬಂದ ‘ಇಂಡಿಯಾ ಮಾರ್ಕ್-2’ ಎಂಬ ಕೈಪಂಪು ಗೆದ್ದದ್ದು ಗಟ್ಟಿತನದಿಂದ. ಅದಕ್ಕೂ ಒಂದು ತೊಡಕಿತ್ತು: ರಿಪೇರಿಗೆ ಕೊಳವೆಗಳನ್ನೆಲ್ಲ ಮೇಲೆತ್ತಲು ಒಂದು ತಂಡವೇ ಬರಬೇಕಿತ್ತು. ಮುಂದೆ ಬಂದ ಮಾರ್ಕ್-3ರಲ್ಲಿ ಕೊಳವೆ ಅಗಲವಾಯಿತು, ನೀರನ್ನು ಮೇಲೆತ್ತುವ ಪಿಸ್ಟನ್ನನ್ನು ಅದರೊಳಗಿಂದಲೇ ಎಳೆದು ತೆಗೆಯುವಂತಾಯಿತು.

ದಿನಗೂಲಿಯವರಿಗೆ ಬೆಲೆಚೀಟಿಯಲ್ಲಿ ಕಾಣದ ಖರ್ಚೇ ಭಾರ. ಸಾಮಾನು ಕೆಟ್ಟ ದಿನ ಪೇಟೆಗೆ ಓಡಾಟ, ಅಂದಿನ ಕೂಲಿ ಖೋತಾ, ಅಲ್ಲಿ ಹೋದರೆ ಬಿಡಿಭಾಗ ಇಲ್ಲ. ಒಮ್ಮೆ ಹೀಗೆ ಕೈಸುಟ್ಟುಕೊಂಡವರು ಮುಂದಿನ ಸಲ ಕೊಳ್ಳದಿದ್ದರೆ ಅದು ಚಟವಲ್ಲ, ಲೆಕ್ಕ.

ಪತ್ರದ ಕೊನೆಯಲ್ಲಿ, ಖರ್ಚು ಉಳಿಸಲು ದೀಪದ ಕವಚವನ್ನು ಅಂಟು ಹಾಕಿ ಮುಚ್ಚಿದ್ದೇವೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಒಳಗಿನ ಬ್ಯಾಟರಿ ಸತ್ತ ಮೇಲೆ ಅದನ್ನು ಬಿಚ್ಚುವವರು ಯಾರು? ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.

— ಸಂಪಾದಕ